ಅಯ್ಯನವರಾಗುವ ದಾರಿ

1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಒಬ್ಬ ಕ್ರೈಸ್ತ ಸಭಾಪಾಲಕರು. ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮಂಗಳೂರಿನ ಬಾಸೆಲ್ ಮಿಶನ್ ದೇವಶಾಸ್ತ್ರ ಶಾಲೆಯಲ್ಲಿ ಕಲಿತು ಉತ್ತರ ಕರ್ನಾಟಕದ ಸಭೆಗಳಲ್ಲಿ ಹಲವು ವರ್ಷ ಸೇವೆ ಮಾಡಿದರು. ಕನ್ನಡಿಗರು ಅವರನ್ನು ನೆನೆಯುವುದು ಹೆಚ್ಚಾಗಿ ಸರ್ವಜ್ಞನ ನೆಪದಲ್ಲಿ. ಕೈಬರಹದ ಪ್ರತಿಗಳನ್ನು ಹುಡುಕಿ, ಜನರ ಬಾಯಲ್ಲಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು, ಸುಮಾರು 2000 ವಚನಗಳನ್ನು ಒಟ್ಟುಗೂಡಿಸಿ 1924ರಲ್ಲಿ ಅವರು ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು, ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದರು. ‘ತಿರುಳ್ಗನ್ನಡದ ತಿರುಕ’ ಎಂಬುದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು. ಭಾನುವಾರ ವೇದಪೀಠದ ಮುಂದೆ ನಿಂತು ಪ್ರಸಂಗ ಮಾಡುವವರು ಉಳಿದ ದಿನಗಳಲ್ಲಿ ನೆರೆಯವರ ಮಾತಿಗೆ ಅಷ್ಟು ಆಳವಾಗಿ ಕಿವಿಗೊಟ್ಟಿದ್ದರು.

ಇಂಥ ಒಬ್ಬ ಸಭಾಪಾಲಕರು, ಜನರ ಮಾತಿನಲ್ಲಿ ಅಯ್ಯನವರು, ಹೇಗೆ ತಯಾರಾಗುತ್ತಾರೆ? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಕರ್ನಾಟಕದ ಕ್ರೈಸ್ತ ಮನೆಗಳಲ್ಲಿ ಇವತ್ತಿಗೂ ಪಿಯುಸಿ ಅಥವಾ ಡಿಗ್ರಿ ಮುಗಿಸಿದ ಹುಡುಗನೋ ಹುಡುಗಿಯೋ ಒಂದು ಸಂಜೆ ಅಪ್ಪ ಅಮ್ಮನ ಮುಂದೆ ನಿಂತು, ತನ್ನನ್ನು ದೇವರು ಸೇವೆಗೆ ಕರೆಯುತ್ತಿದ್ದಾನೆ ಎಂದು ಹೇಳುವುದುಂಟು. ಕೆಲವು ಮನೆಗಳಲ್ಲಿ ಅದು ಹಬ್ಬ. ಒಬ್ಬನೇ ಮಗನಿದ್ದ ಮನೆಯಲ್ಲಿ, ಸಾಲವಿದ್ದ ಮನೆಯಲ್ಲಿ, ಅದು ದಿಗಿಲು. ಎರಡೂ ಕಡೆ ಜನ ತಪ್ಪು ತಿಳಿಯುವುದು ಒಂದನ್ನೇ: ವಿಷಯ ಅಲ್ಲಿಗೆ ತೀರ್ಮಾನವಾಯಿತು ಎಂದುಕೊಳ್ಳುತ್ತಾರೆ. ನಿಜವಾಗಿ ಆಗಷ್ಟೇ ಶುರುವಾಗಿರುತ್ತದೆ. ಕರೆ ಒಬ್ಬರ ಕಿವಿಗೆ ಬೀಳಬಹುದು. ಅದು ಕರೆಯೇ ಹೌದೋ ಅಲ್ಲವೋ ಎಂದು ತಿಳಿಯಲು ಬಹಳ ಜನ ಬೇಕು, ವರ್ಷಗಳು ಬೇಕು. ಆ ವರ್ಷಗಳಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಮಾತಾಡುವುದಲ್ಲ, ಕೇಳಿಸಿಕೊಳ್ಳುವುದು ಎಂದು ನಾನು ನಂಬಿದ್ದೇನೆ.

ಬೈಬಲ್ಲಿನಲ್ಲಿ ಕರೆಯ ಕಥೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಕರೆಸಿಕೊಂಡವರು ಹೆಚ್ಚಿನವರು ಒಲ್ಲೆ ಎಂದವರೇ. ಮೋಶೆ ತನಗೆ ಮಾತು ಬಾರದು ಎಂದ. ಯೆರೆಮೀಯ ತಾನಿನ್ನೂ ಹುಡುಗ ಎಂದ. ಯೋನ ಮಾತೇ ಆಡದೆ ಎದುರು ದಿಕ್ಕಿನ ಹಡಗು ಹತ್ತಿದ. ಆದರೆ ತರಬೇತಿಯ ಮಾತು ಬಂದಾಗ ನನಗೆ ನೆನಪಾಗುವುದು ಬಾಲಕ ಸಮುವೇಲನ ಕಥೆ. ಶೀಲೋವಿನ ದೇವಾಲಯದಲ್ಲಿ ಮಲಗಿದ್ದ ಆ ಹುಡುಗನಿಗೆ ರಾತ್ರಿ ಯಾರೋ ಕರೆದದ್ದು ಕೇಳಿಸುತ್ತದೆ. ಮುದಿ ಯಾಜಕ ಏಲಿಯೇ ಕರೆದನೆಂದು ಮೂರು ಸಲ ಎದ್ದು ಅವನ ಬಳಿಗೆ ಓಡುತ್ತಾನೆ. ಮೂರನೆಯ ಸಲ ಏಲಿಗೆ ಹೊಳೆಯುತ್ತದೆ, ಇದು ದೇವರ ದನಿ ಎಂದು. ಹೇಗೆ ಉತ್ತರಿಸಬೇಕೆಂದು ಹೇಳಿಕೊಡುವವನೂ ಅವನೇ. ಕರೆ ಬಂದದ್ದು ಹುಡುಗನಿಗೆ, ಗುರುತು ಹಿಡಿದದ್ದು ಕಣ್ಣು ಮಂಜಾದ ಮುದುಕ. ಆ ರಾತ್ರಿ ಬಂದ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು. ಬೆಳಗಾದ ಮೇಲೆ ಹುಡುಗನಿಂದ ಅದನ್ನು ಏನೂ ಮುಚ್ಚಿಡದಂತೆ ಹೇಳಿಸಿಕೊಂಡು, ಏಲಿ ಅದನ್ನು ಒಪ್ಪಿಕೊಳ್ಳುತ್ತಾನೆ. ತನಗೆ ಕೆಡುಕು ನುಡಿಯುವ ಕರೆಯನ್ನೂ ನಿಜವೆಂದು ಒಪ್ಪುವ ಹಿರಿಯರಿದ್ದಾಗ ಮಾತ್ರ ಕಿರಿಯರ ಕರೆ ಬೆಳೆಯುತ್ತದೆ.

ಸಭೆಯ ಮೊದಲ ಶತಮಾನಗಳಲ್ಲಿ ಕರೆ ಒಳಗಿನಿಂದ ಬಂದದ್ದಕ್ಕಿಂತ ಹೊರಗಿನಿಂದ ಬಂದದ್ದೇ ಹೆಚ್ಚೇನೋ. 374ರಲ್ಲಿ ಮಿಲಾನಿನ ಜನ ಅಂಬ್ರೋಸನನ್ನು ಬಿಷಪ್ ಎಂದು ಆರಿಸಿದಾಗ ಅವನಿಗೆ ದೀಕ್ಷಾಸ್ನಾನವೂ ಆಗಿರಲಿಲ್ಲ. ಅವನು ಆ ಸೀಮೆಯ ಸರ್ಕಾರಿ ಅಧಿಕಾರಿ, ಚುನಾವಣೆಯ ಗಲಾಟೆ ತಡೆಯಲು ಬಂದಿದ್ದವನು. 391ರಲ್ಲಿ ಉತ್ತರ ಆಫ್ರಿಕದ ಹಿಪ್ಪೊ ಊರಿಗೆ ಬಂದಿದ್ದ ಅಗಸ್ಟೀನನನ್ನು ಜನ ಹಿಡಿದು ಎಳೆದೊಯ್ದು ಬಿಷಪ್ಪನ ಮುಂದೆ ನಿಲ್ಲಿಸಿ ಯಾಜಕ ದೀಕ್ಷೆ ಕೊಡಿಸಿದರು. ಅವನು ಅತ್ತ. ಆಮೇಲೆ ಅವನು ಮಾಡಿದ ಕೆಲಸ ನನಗೆ ತುಂಬ ಮುಖ್ಯವೆನಿಸುತ್ತದೆ. ತನ್ನ ಬಿಷಪ್ಪನಿಗೆ ಪತ್ರ ಬರೆದು, ಧರ್ಮಶಾಸ್ತ್ರ ಓದಲು ಸ್ವಲ್ಪ ಕಾಲ ಬಿಡುವು ಕೊಡಬೇಕೆಂದು ಬೇಡಿಕೊಂಡ. ಆ ಕಾಲದ ಅತಿ ದೊಡ್ಡ ಪಂಡಿತರಲ್ಲಿ ಒಬ್ಬ, ಪ್ರಸಿದ್ಧ ಭಾಷಣಕಲೆಯ ಮೇಷ್ಟ್ರು, ಒಂದು ಬಂದರೂರಿನ ಜನರನ್ನು ಸಲಹಲು ತನಗೆ ತಿಳಿವಳಿಕೆ ಸಾಲದು ಎಂದ.

ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಜಾನ್ ಕಾಲ್ವಿನ್ ಈ ಎರಡನ್ನೂ ಬಿಡಿಸಿ ಹೇಳಿದ. ದೇವರಿಗೂ ತನಗೂ ಮಾತ್ರ ಗೊತ್ತಿರುವ ಒಳಗಿನ ಕರೆ ಒಂದು, ಸಭೆ ಎಲ್ಲರೆದುರು ಕೊಡುವ ಹೊರಗಿನ ಕರೆ ಇನ್ನೊಂದು. ಪ್ರೊಟೆಸ್ಟೆಂಟ್ ಸಭೆಗಳ ಅಭ್ಯರ್ಥಿ ಆಯ್ಕೆ ಇವತ್ತಿಗೂ ಈ ಎರಡು ಕಾಲಿನ ಮೇಲೆ ನಿಂತಿದೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಕೂಡಿ ಹುಟ್ಟಿದ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯಲ್ಲಿ, ಅಭ್ಯರ್ಥಿ ನೇರವಾಗಿ ದೇವಶಾಸ್ತ್ರ ಕಾಲೇಜಿಗೆ ಅರ್ಜಿ ಹಾಕಿ ಅಯ್ಯನವರಾಗಿಬಿಡಲಾರ. ಊರಿನ ಪಾಸ್ಟೊರೇಟ್ ಕಮಿಟಿ ಅವನನ್ನು ಬಲ್ಲೆವೆಂದು ಹೇಳಬೇಕು. ಡಯಾಸಿಸ್ಸಿನ ಹಿರಿಯರು ಕೂರಿಸಿಕೊಂಡು ಮಾತಾಡಿಸಬೇಕು. ಹಿರಿಯ ಸಭಾಪಾಲಕರೊಬ್ಬರ ಕೈಕೆಳಗೆ ಫೀಲ್ಡಿನಲ್ಲಿ ದುಡಿಯಬೇಕು. ಕೊನೆಗೆ ದೀಕ್ಷೆಯ ದಿನವೂ ಬಿಷಪ್ಪರು ನೆರೆದ ಜನರನ್ನು ಕೇಳುತ್ತಾರೆ, ಜನ ಒಪ್ಪಿಗೆ ಹೇಳಿದ ಮೇಲೆಯೇ ತಲೆಯ ಮೇಲೆ ಕೈ ಇಡುತ್ತಾರೆ.

ಕಮಿಟಿಯ ಸಭೆಗಳಲ್ಲಿ ಶಿಫಾರಸು ಪತ್ರ ಬರೆಯುವಾಗ ಯಾರ ಮನೆತನ, ಯಾರ ಕಡೆಯವನು ಎಂಬ ಲೆಕ್ಕ ನುಸುಳುವುದಿಲ್ಲವೆಂದು ನಾನು ಹೇಳಲಾರೆ. ನುಸುಳುತ್ತದೆ. ಅಂಥ ಪತ್ರದ ಬೆಲೆಯನ್ನು ಮುಂದೆ ಯಾವುದೋ ಹಳ್ಳಿಯ ಸಭೆ ಮೂವತ್ತು ವರ್ಷ ತೆರುತ್ತದೆ. ಆ ಸಹಿ ಹಾಕುವ ಹಿರಿಯರು ಹುಡುಗನ ಮಾರ್ಕ್ಸ್‌ಕಾರ್ಡಿಗಿಂತ ಮೊದಲು ಕೇಳಬೇಕಾದ ಕೆಲವು ಸಂಗತಿಗಳಿವೆ. ಅವನು ಸಾವಿನ ಮನೆಗೆ ಕರೆಯದೆ ಹೋಗುತ್ತಾನೆಯೇ? ಮುದುಕರ ಬಳಿ ಕೂರುತ್ತಾನೆಯೇ? ಮೈಕು ಸಿಗದ ದಿನವೂ ಚರ್ಚಿಗೆ ಬರುತ್ತಾನೆಯೇ?

ಕಥೋಲಿಕರ ದಾರಿ ಇನ್ನೂ ಉದ್ದ. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಪ್ರಾಂತ್ಯವೂ ಗುರುಗಳನ್ನು ತಯಾರು ಮಾಡುವ ಶಾಲೆ ತೆರೆಯಬೇಕೆಂದು ಆಜ್ಞೆ ಮಾಡುವ ತನಕ, ಅನೇಕ ಪಾದ್ರಿಗಳು ಹಿರಿಯ ಪಾದ್ರಿಯ ಹಿಂದೆ ಓಡಾಡಿಯೇ ಪೂಜೆ ಕಲಿಯುತ್ತಿದ್ದರು. ಆ ಆಜ್ಞೆಯ ದೂರದ ಕೂಸುಗಳು ನಮ್ಮಲ್ಲೂ ಇವೆ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಜೆಸ್ವಿತರು ಮರುವರ್ಷವೇ ಗುರುಮಠ ಆರಂಭಿಸಿದರು. ಜೆಪ್ಪುವಿನ ಸಂತ ಜೋಸೆಫರ ಗುರುಮಠವೆಂದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಬೆಂಗಳೂರು ಮಲ್ಲೇಶ್ವರದ ಸಂತ ಪೇತ್ರರ ಗುರುಮಠದ ಬೇರು ಹದಿನೆಂಟನೆಯ ಶತಮಾನದ ಪುದುಚೇರಿಯಲ್ಲಿದೆ. ಅದು ಬೆಂಗಳೂರಿಗೆ ಬಂದದ್ದು 1934ರಲ್ಲಿ.

ಅಲ್ಲಿಗೆ ಸೇರುವ ಹುಡುಗ ಮೊದಲು ಒಂದು ತಯಾರಿಯ ಹಂತ ಕಳೆಯುತ್ತಾನೆ. ಆಮೇಲೆ ತತ್ವಶಾಸ್ತ್ರ, ನಡುವೆ ಯಾವುದಾದರೂ ಶಾಲೆಯಲ್ಲೋ ಧರ್ಮಕೇಂದ್ರದಲ್ಲೋ ದುಡಿಮೆ, ನಂತರ ದೇವಶಾಸ್ತ್ರ. ಸೇರಿದ ದಿನದಿಂದ ದೀಕ್ಷೆಯ ದಿನಕ್ಕೆ ಎಂಟು ಹತ್ತು ವರ್ಷ ಹಿಡಿಯುವುದು ಸಾಮಾನ್ಯ. 25 ತುಂಬದೆ ಗುರುದೀಕ್ಷೆ ಇಲ್ಲ. ಡೀಕನ್ ಆದ ಮೇಲೂ ಕನಿಷ್ಠ 6 ತಿಂಗಳು ಕಾಯಬೇಕು. ಅಭ್ಯರ್ಥಿಯಲ್ಲಿ ದೀಕ್ಷೆಗೆ ಅಡ್ಡಿಯಾಗುವಂಥದ್ದು ಏನಾದರೂ ಇದೆಯೆಂದು ಬಲ್ಲ ಭಕ್ತರು ಅದನ್ನು ಹಿರಿಯರಿಗೆ ತಿಳಿಸಲೇಬೇಕೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ದೀಕ್ಷೆಯ ಪೂಜೆಯಲ್ಲಿ ಹೆಸರು ಹಿಡಿದು ಕರೆದಾಗ ಅವನು ಎದ್ದು ನಿಲ್ಲುತ್ತಾನೆ. ಇವನು ಯೋಗ್ಯನೆಂದು ನಿಮಗೆ ಗೊತ್ತೇ ಎಂದು ಬಿಷಪ್ಪರು ಕೇಳುತ್ತಾರೆ. ಉತ್ತರ ಕೊಡುವ ಗುರು, ಜನರನ್ನು ವಿಚಾರಿಸಿಯೇ ಇದನ್ನು ಹೇಳುತ್ತಿದ್ದೇನೆ ಎನ್ನುತ್ತಾನೆ. ಬಳಿಕ ಹುಡುಗ ನೆಲದ ಮೇಲೆ ಬೋರಲು ಮಲಗುತ್ತಾನೆ, ಜನ ಸಂತರ ಹೆಸರುಗಳನ್ನು ಹಾಡುತ್ತಾರೆ. ಹೆತ್ತ ತಾಯಿ ಆ ಹೊತ್ತಿನಲ್ಲಿ ಅಳದಿದ್ದುದನ್ನು ನಾನು ಕಂಡಿಲ್ಲ.

1992ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಗುರುಗಳ ತರಬೇತಿಯ ಬಗ್ಗೆ ಬರೆದ ದೀರ್ಘ ಪತ್ರ ನಾಲ್ಕು ಮುಖಗಳನ್ನು ಹೇಳುತ್ತದೆ: ಮನುಷ್ಯನಾಗಿ ಬೆಳೆಯುವುದು, ಪ್ರಾರ್ಥನೆಯಲ್ಲಿ ಬೆಳೆಯುವುದು, ಓದಿನಲ್ಲಿ ಬೆಳೆಯುವುದು, ಜನಸೇವೆಯಲ್ಲಿ ಬೆಳೆಯುವುದು. ಮನುಷ್ಯನಾಗುವುದನ್ನು ಮೊದಲು ಇಟ್ಟದ್ದಕ್ಕೆ ಕಾರಣವಿದೆ. ಗ್ರೀಕ್ ವ್ಯಾಕರಣ ಬಲ್ಲ, ಪೂಜೆಯ ಒಂದು ಸನ್ನೆಯನ್ನೂ ತಪ್ಪದ, ಆದರೆ ಅಡುಗೆಯವರೊಂದಿಗೆ ಒರಟಾಗಿ ಮಾತಾಡುವ ಗುರುವಿನಿಂದ ಧರ್ಮಕೇಂದ್ರ ಎಷ್ಟು ನೊಂದುಕೊಳ್ಳುತ್ತದೆಂದು ಯಾವ ಭಕ್ತರನ್ನು ಕೇಳಿದರೂ ಹೇಳುತ್ತಾರೆ. ಅಧಿಕಾರವನ್ನು ಕೆಟ್ಟದಾಗಿ ಬಳಸಿಕೊಂಡ ಪಾದ್ರಿಗಳಿಂದ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಆದ ಹಿಂಸೆ ಜಗತ್ತಿನ ಹಲವು ದೇಶಗಳಲ್ಲಿ ಬಯಲಾದ ಮೇಲೆ, ಅಭ್ಯರ್ಥಿಯ ಮನಸ್ಸನ್ನು ಪರೀಕ್ಷಿಸುವುದು ಯಾವ ಸಭೆಯೂ ತಪ್ಪಿಸಿಕೊಳ್ಳಲಾಗದ ಹೊಣೆಯಾಗಿದೆ. ಕರೆ ಪವಿತ್ರವಾದದ್ದು, ಆದ್ದರಿಂದ ಪ್ರಶ್ನೆ ಕೇಳಬಾರದು ಎನ್ನುವವರ ಮಾತು ಕೇಳಬಾರದು. ಪವಿತ್ರವಾದದ್ದು ಎಂಬ ಕಾರಣಕ್ಕೇ ಕೇಳಬೇಕು.

ಬಲ್ಮಠದ ಗುಡ್ಡ

ಕನ್ನಡದಲ್ಲಿ ದೇವಶಾಸ್ತ್ರ ಕಲಿಸುವ ಕಥೆ ಮಂಗಳೂರಿನ ಬಲ್ಮಠದ ಗುಡ್ಡವನ್ನು ಹತ್ತದೆ ಪೂರ್ತಿಯಾಗುವುದಿಲ್ಲ. 1834ರ ಅಕ್ಟೋಬರ್ 30ರಂದು ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ್ದು ಕನ್ನಡ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅಷ್ಟು ಗೊತ್ತಿಲ್ಲದ ಸಂಗತಿ ಎಂದರೆ ಆತನ ಮುಖ್ಯ ಕಾಳಜಿಗಳಲ್ಲಿ ಒಂದು ಇಲ್ಲಿನ ಹುಡುಗರನ್ನು ಸಭಾಸೇವೆಗೆ ತಯಾರು ಮಾಡುವುದಾಗಿತ್ತು. ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದರು. ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಅಲ್ಲಿನ ಮಿಶನ್ ಶಾಲೆಯಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿ, ಮಂಗಳೂರಿನಲ್ಲಿ ತಾವೇ ಸಭಾಪಾಲಕರನ್ನು ತಯಾರು ಮಾಡುವ ಶಿಕ್ಷಕರಾದರು. ಅವರು ಬಿಟ್ಟುಬಂದ ಮನೆಯ ನೋವು ಸಣ್ಣದಲ್ಲ. ಕರೆಯ ಬೆಲೆಯನ್ನು ಕರೆಸಿಕೊಂಡವರು ಮಾತ್ರ ತೆರುವುದಿಲ್ಲ, ಅವರನ್ನು ಪ್ರೀತಿಸಿದವರೂ ತೆರುತ್ತಾರೆ. ಕೌಂಡಿನ್ಯರ ಬಗ್ಗೆ ಬರೆಯುವವರು ಅದನ್ನೂ ಬರೆಯಬೇಕು.

ಆ ಕಾಲದ ಬಾಸೆಲ್ ಶಾಲೆಗೆ ಬರುತ್ತಿದ್ದವರಲ್ಲಿ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು ಬಹಳ. ಅಂಥವರು ಇಲ್ಲಿಗೆ ಬಂದು ಮೊದಲು ಮಾಡಬೇಕಾಗಿದ್ದ ಕೆಲಸ ಕನ್ನಡ ಕಲಿಯುವುದು. ಪಾದ್ರಿಯ ಮಗನಾದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದು ಕಲಿತದ್ದು ಎಷ್ಟರ ಮಟ್ಟಿಗೆಂದರೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಬಲ್ಮಠದ ಅಚ್ಚುಕೂಟದಿಂದ ಹೊರಬಂತು. ನಿಘಂಟನ್ನು ನಾವು ಭಾಷಾಶಾಸ್ತ್ರದ ಕಪಾಟಿನಲ್ಲಿ ಇಟ್ಟಿದ್ದೇವೆ. ನನಗೆ ಅದು ಸೇವೆಯ ತರಬೇತಿಯ ಪುಸ್ತಕವಾಗಿಯೂ ಕಾಣುತ್ತದೆ. ಜನರೊಡನೆ ದೇವರ ಬಗ್ಗೆ ಮಾತಾಡಬೇಕೆಂದವನು ನಾಲ್ಕು ದಶಕ ಅವರ ಒಂದೊಂದೇ ಪದವನ್ನು ಕೇಳುತ್ತ ಕುಳಿತ.

ಮಂಗಳೂರಿನ ಬಾಸೆಲ್ ಮಿಶನ್ ಶಾಲೆಯೂ ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿಯೂ 1965ರಲ್ಲಿ ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಕರಾವಳಿಯ ಹುಡುಗರೂ ಬಯಲುಸೀಮೆಯ ಹುಡುಗರೂ ಒಂದೇ ಊಟದ ಮನೆಯಲ್ಲಿ ಕೂರುವಂತಾದದ್ದು ಚಿಕ್ಕ ಮಾತಲ್ಲ. ಕಾರವಾರದ ಕಡೆಯವನ ಕನ್ನಡ, ಗದಗ-ಬೆಟಗೇರಿಯವನ ಕನ್ನಡ, ಕೊಳ್ಳೇಗಾಲದವಳ ಕನ್ನಡ, ತುಳು ಮನೆಮಾತಿನವನ ಕನ್ನಡ ಅಲ್ಲಿ ಸೇರುತ್ತವೆ. ಪ್ರಸಂಗದ ತರಗತಿಯಲ್ಲಿ ಒಬ್ಬ ನಿಂತು ಮಾತಾಡಿದಾಗ ಉಳಿದವರಿಗೆ ಎಷ್ಟು ಅರ್ಥವಾಯಿತು ಎಂಬುದೇ ಒಂದು ಪಾಠ. ಕಾಲೇಜಿನ ಪ್ರಾಚ್ಯಪತ್ರ ಸಂಗ್ರಹದಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಪುಸ್ತಕಗಳು, ಹಸ್ತಪ್ರತಿಗಳು ಇವೆ. ಕನ್ನಡ ಸಂಶೋಧಕರು ದೂರದಿಂದ ಬಂದು ನೋಡುವ ಆ ಹಾಳೆಗಳು ಅಲ್ಲೇ ಓದುವ ವಿದ್ಯಾರ್ಥಿಯ ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಅಲ್ಲಿಗೆ ಹೋಗದೆ ನಾಲ್ಕು ವರ್ಷ ಮುಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪದವಿಯ ಮಾತಿಗೆ ಬಂದರೆ, ದೇಶದ ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳು ಒಪ್ಪುವ ಬಿಡಿ (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಯನ್ನು ಕೊಡುವುದು ಸೆರಾಂಪುರ ಕಾಲೇಜಿನ ಸೆನೆಟ್. ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಅವರು 1818ರಲ್ಲಿ ಹೂಗ್ಲಿ ನದಿಯ ದಡದಲ್ಲಿ ಕಟ್ಟಿದ ಕಾಲೇಜು ಅದು. ಆಗ ಊರು ಡೇನರ ಕೈಯಲ್ಲಿತ್ತು. ಡೆನ್ಮಾರ್ಕಿನ ರಾಜ 1827ರಲ್ಲಿ ಕೊಟ್ಟ ಸನ್ನದಿನಿಂದ ಪದವಿ ಕೊಡುವ ಹಕ್ಕು ಬಂತು. ಹೀಬ್ರೂ, ಗ್ರೀಕ್, ಸಭಾ ಇತಿಹಾಸ, ನೀತಿಶಾಸ್ತ್ರ, ಇತರ ಧರ್ಮಗಳ ಅಧ್ಯಯನ, ಪ್ರಸಂಗಕಲೆ, ಆಪ್ತಸಲಹೆ ಎಲ್ಲವೂ ಪಠ್ಯದಲ್ಲಿವೆ.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಶುರುವಾದದ್ದು 1910ರಲ್ಲಿ. ಅದರ ಒಂದು ದಿನವನ್ನು ಮಾತ್ರ ಇಲ್ಲಿ ಹೇಳುತ್ತೇನೆ. 1981ರ ಏಪ್ರಿಲಿನಲ್ಲಿ ಅಲ್ಲಿನ ಅಧ್ಯಾಪಕ ಅರವಿಂದ ನಿರ್ಮಲ್ ಕಾಲೇಜಿನ ಕೇರಿ ಸೊಸೈಟಿಯ ಮುಂದೆ ಶೂದ್ರ ದೇವಶಾಸ್ತ್ರದ ಕಡೆಗೆ ಎಂಬ ಅರ್ಥದ ಉಪನ್ಯಾಸ ಕೊಟ್ಟರು. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರು. ಆದರೂ ಇಲ್ಲಿನ ದೇವಶಾಸ್ತ್ರ ಅಲ್ಲಿಯತನಕ ಮೇಲ್ಜಾತಿಯ ತತ್ವಗಳೊಂದಿಗೆ ಮಾತ್ರ ಸಂಭಾಷಣೆ ನಡೆಸುತ್ತ ಬಂದಿತ್ತು. ಆ ಉಪನ್ಯಾಸದಿಂದ ಬೆಳೆದ ದಲಿತ ದೇವಶಾಸ್ತ್ರ ಇವತ್ತು ಪಠ್ಯದ ಭಾಗ. ಕೇರಿಯಿಂದ ಬಂದ ಹುಡುಗನೊಬ್ಬ ತನ್ನ ಅಜ್ಜ ಅನುಭವಿಸಿದ್ದನ್ನು ತರಗತಿಯಲ್ಲಿ ದೇವರ ಮಾತಿನ ಜೊತೆಗಿಟ್ಟು ಓದಬಹುದು ಎಂದಾಗ ಅವನ ಬೆನ್ನು ನೆಟ್ಟಗಾಗುತ್ತದೆ. ಹೀಗೆ ಓದಿದವನು ಮುಂದೆ ಸಭೆಯಲ್ಲಿ ಕೂರುವ ಸಾಲುಗಳಲ್ಲೂ, ಮದುವೆ ಮಾತುಕತೆಯಲ್ಲೂ ಜಾತಿ ನುಸುಳಿದಾಗ ಸುಮ್ಮನಿರಲಾರ. ಸುಮ್ಮನಿರಬಾರದು.

ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಬೆಂಗಳೂರು, ಮಂಗಳೂರು ಎರಡೂ ಊರುಗಳ ಮಗ. ಬೆಂಗಳೂರಿನಲ್ಲಿ ಓದಿ, ಮಂಗಳೂರಿನ ಶಾಲೆಯಲ್ಲಿ ಪಾಠ ಹೇಳಿ ಪ್ರಾಂಶುಪಾಲರಾದರು. 1971ರಲ್ಲಿ ಜಿನೀವಾದ ಜಾಗತಿಕ ಸಭಾ ಮಂಡಳಿಯಲ್ಲಿ ಅನ್ಯಧರ್ಮೀಯರೊಂದಿಗಿನ ಸಂವಾದದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಜೈನ ಬಸದಿ, ದೇವಸ್ಥಾನ, ಇಗರ್ಜಿ, ಮಸೀದಿಗಳೆಲ್ಲ ಇರುವ ಊರಲ್ಲಿ ಬೆಳೆದವರಿಗೆ ಸಂವಾದ ಜಿನೀವಾದಲ್ಲಿ ಹೊಸದಾಗಿ ಕಲಿಯುವ ವಿದ್ಯೆಯಾಗಿರಲಾರದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಆ ಗಾಯದ ನಂತರ ತಯಾರಾಗುವ ಸಭಾಪಾಲಕರಿಗೆ ನೆರೆಹೊರೆಯ ನಂಬಿಕೆಯನ್ನು ಗೌರವದಿಂದ ಅರಿಯುವ ಪಾಠ ಹೆಚ್ಚೇ ಬೇಕು. ಹೆದರಿಕೆಯಿಂದ ಒಳಗೊಳಗೇ ಮುದುಡುವ ಸಭೆಯನ್ನು ಮತ್ತೆ ಬಾಗಿಲು ತೆರೆಯಲು ಧೈರ್ಯ ಕೊಡಬೇಕಾದವರು ಅವರು.

ಆಸ್ಪತ್ರೆಯ ಹಾಸಿಗೆಯ ಪಕ್ಕ

ತರಬೇತಿಯ ಎಲ್ಲ ಭಾಗಗಳಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ಪುಸ್ತಕವಿಲ್ಲದ ಒಂದು ಭಾಗಕ್ಕೆ. ಅದರ ಹಿಂದೆ ಒಬ್ಬ ರೋಗಿ ಇದ್ದಾನೆ. ಆಂಟನ್ ಬಾಯ್ಸನ್ ಎಂಬ ಅಮೆರಿಕದ ಪಾದ್ರಿಗೆ 1920ರಲ್ಲಿ ಮನಸ್ಸಿನ ಕಾಯಿಲೆ ತೀವ್ರವಾಗಿ ಆಸ್ಪತ್ರೆ ಸೇರಬೇಕಾಯಿತು. ಅಲ್ಲಿ ನರಳುವವರ ನಡುವೆ ಇದ್ದಾಗ ಅವನಿಗೆ ಕಂಡದ್ದು, ತಾನು ಓದಿದ ದೇವಶಾಸ್ತ್ರ ಇವರ ಬಗ್ಗೆ ಏನನ್ನೂ ಕಲಿಸಿರಲಿಲ್ಲ ಎಂಬುದು. ಗುಣವಾದ ಮೇಲೆ, 1925ರಲ್ಲಿ, ಮಸಾಚುಸೆಟ್ಸ್‌ನ ವೂಸ್ಟರ್ ಮಾನಸಿಕ ಆಸ್ಪತ್ರೆಗೆ ಕೆಲವೇ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ವಾರ್ಡಿನಲ್ಲಿ ದುಡಿಸಿದ. ಮನುಷ್ಯರನ್ನೂ ಪವಿತ್ರ ಗ್ರಂಥವನ್ನು ಓದುವಷ್ಟು ಶ್ರದ್ಧೆಯಿಂದ ಓದಬೇಕೆಂಬುದು ಅವನ ಪಟ್ಟು. ಅಲ್ಲಿಂದ ಹರಡಿದ ಈ ಪದ್ಧತಿ ವೆಲ್ಲೂರಿನ ಸಿಎಂಸಿಯಲ್ಲೂ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲೂ ನಡೆಯುತ್ತದೆ.

ಇದರ ಹೃದಯ ಒಂದು ಬರವಣಿಗೆ. ವಿದ್ಯಾರ್ಥಿ ರೋಗಿಯ ಬಳಿ ಕುಳಿತು ಬಂದ ಮೇಲೆ ಆಡಿದ ಮಾತನ್ನೆಲ್ಲ ನೆನಪಿನಿಂದ ಇದ್ದದ್ದು ಇದ್ದ ಹಾಗೆ ಬರೆಯಬೇಕು. ಸುಮ್ಮನಿದ್ದ ಹೊತ್ತನ್ನೂ ಬರೆಯಬೇಕು. ಅದನ್ನು ಗುಂಪಿನಲ್ಲಿ ಓದಬೇಕು. ಇಂಥ ಒಂದು ಹಾಳೆಯನ್ನು ಊಹಿಸಿಕೊಳ್ಳಿ. ಹಾವೇರಿ ಕಡೆಯ ಅಜ್ಜಿಯೊಬ್ಬಳು ಬೆಂಗಳೂರಿನ ವಾರ್ಡಿನಲ್ಲಿದ್ದಾಳೆ.

“ಮನಿಗೆ ಹೋಗಬೇಕಪ್ಪಾ. ಎಮ್ಮಿ ಯಾರು ನೋಡ್ತಾರ?”

“ಚಿಂತೆ ಮಾಡಬೇಡಿ ಅಜ್ಜಿ, ದೇವರು ನೋಡಿಕೊಳ್ತಾನೆ. ಪ್ರಾರ್ಥನೆ ಮಾಡೋಣವಾ?”

“ಮಾಡಪ್ಪಾ.”

ವಿದ್ಯಾರ್ಥಿ ಚೆನ್ನಾಗಿ ಪ್ರಾರ್ಥಿಸಿದ್ದಾನೆ. ಗುಂಪಿನಲ್ಲಿ ಓದಿ ಮುಗಿಸುತ್ತಲೇ ಯಾರೋ ಕೇಳುತ್ತಾರೆ: ಎಮ್ಮೆಯನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಕೇಳಿದೆಯಾ? ಕೇಳಿಲ್ಲ. ಮನೆಯಲ್ಲಿ ಬೇರೆ ಯಾರಿದ್ದಾರೆ? ಗೊತ್ತಿಲ್ಲ. ಅಷ್ಟು ಬೇಗ ಪ್ರಾರ್ಥನೆಗೆ ಏಕೆ ಹೋದೆ? ಹುಡುಗ ತಡವರಿಸುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತಾನೆ, ಏನು ಹೇಳಬೇಕೋ ತಿಳಿಯಲಿಲ್ಲ, ಅಲ್ಲಿಂದ ಎದ್ದು ಬರಬೇಕಿತ್ತು. ಆ ಪ್ರಾರ್ಥನೆ ಯಾರಿಗಾಗಿ ಇತ್ತು ಎಂಬುದು ಅವನಿಗೇ ಕಾಣುತ್ತದೆ. ಮರುದಿನ ಅವನು ಅದೇ ಹಾಸಿಗೆಗೆ ಹೋಗುತ್ತಾನೆ, ಎಮ್ಮೆಯ ಹೆಸರು ಕೇಳುತ್ತಾನೆ, ಹಾಲು ಎಷ್ಟು ಕೊಡುತ್ತದೆಂದು ಕೇಳುತ್ತಾನೆ. ಆಗ ಅಜ್ಜಿ ಬಾಯಿಬಿಡುತ್ತಾಳೆ: ಎಮ್ಮೆ ತಂದುಕೊಟ್ಟ ಮಗ ಹೋದ ವರ್ಷ ತೀರಿಕೊಂಡ ಎಂದು. ಇಂಥ ಹಾಳೆಗಳನ್ನು ಮತ್ತೆ ಮತ್ತೆ ಬರೆದವನ ಪ್ರಸಂಗವೇ ಬೇರೆಯಾಗುತ್ತದೆ. ದುಃಖದಲ್ಲಿದ್ದವರಿಗೆ ಕೂಡಲೇ ಅರ್ಥ ಹೇಳಿಕೊಡುವ ಆತುರ ಅವನಲ್ಲಿ ಇಳಿಯುತ್ತದೆ. ಯೋಬನ ಗೆಳೆಯರು ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕುಳಿತಿದ್ದಾಗ ಒಳ್ಳೆಯ ಸೇವಕರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು.

ಹೆಣ್ಣುಮಕ್ಕಳಿಗೆ ಈ ದಾರಿ ತೆರೆದದ್ದು ತಡವಾಗಿ. ಸಿಎಸ್‌ಐ ಸಭೆಯಲ್ಲಿ ಮಹಿಳೆಯರಿಗೆ ಯಾಜಕ ದೀಕ್ಷೆ ಆರಂಭವಾದದ್ದು 1976ರಲ್ಲಿ. 2013ರಲ್ಲಿ ಇ. ಪುಷ್ಪಲಲಿತಾ ಅವರು ನಂದ್ಯಾಲ ಡಯಾಸಿಸ್ಸಿನ ಬಿಷಪ್ ಆದರು, ಆ ಸಭೆಯ ಮೊದಲ ಮಹಿಳಾ ಬಿಷಪ್. ಕಥೋಲಿಕರಲ್ಲಿ ಗುರುದೀಕ್ಷೆ ಪುರುಷರಿಗೆ ಮಾತ್ರ. ಅಲ್ಲಿ ಹೆಣ್ಣುಮಕ್ಕ‌ಳ ಕರೆ ಕನ್ಯಾಮಠಗಳ ಕಡೆಗೆ ಹರಿಯುತ್ತದೆ. ಬೈಬಲ್ ವುಮೆನ್ ಎಂದು ಕರೆಸಿಕೊಂಡು ಮನೆಮನೆಗೆ ನಡೆದ ಹೆಂಗಸರ ದುಡಿಮೆಯಿಂದ ನಮ್ಮ ಅನೇಕ ಸಭೆಗಳು ನಿಂತಿವೆ. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಇವತ್ತು ಬಿಡಿ ಮುಗಿಸಿದ ಹುಡುಗಿಗೆ ಮೊದಲು ಎದುರಾಗುವ ಪ್ರಶ್ನೆ, ಮದುವೆಯಾದರೆ ನಿನ್ನ ಗಂಡನ ಊರಲ್ಲಿ ನಿನಗೆ ಹೇಗಮ್ಮ ಪೋಸ್ಟಿಂಗ್ ಕೊಡೋದು ಎಂಬುದು. ಹುಡುಗನನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಅವನ ಹೆಂಡತಿ ಊರಿಂದ ಊರಿಗೆ ಟ್ರಂಕು ಕಟ್ಟುತ್ತಾಳೆಂದು ಎಲ್ಲರೂ ಕೇಳದೆಯೇ ನಂಬಿದ್ದಾರೆ. ಸಭೆ ಇದನ್ನು ಸರಿಪಡಿಸಬೇಕು, ಬೇಗ ಸರಿಪಡಿಸಬೇಕು.

ಇನ್ನೊಂದು ಕಡೆ, ಸ್ವತಂತ್ರ ಪ್ರಾರ್ಥನಾ ಮಂದಿರಗಳಲ್ಲಿ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದ ಪಾಸ್ಟರರು ಬಹಳ ಮಂದಿ ಇದ್ದಾರೆ. ಹಗಲು ಆಟೊ ಓಡಿಸಿ, ಬಟ್ಟೆ ಹೊಲಿದು, ಸಂಜೆ ಬಾಡಿಗೆ ಕೋಣೆಯಲ್ಲಿ ಪ್ರಾರ್ಥನೆ ನಡೆಸುತ್ತಾರೆ. ಪೌಲನೂ ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದವನೇ. ಅವರ ಬೆವರನ್ನು ನಾನು ಗೌರವಿಸುತ್ತೇನೆ. ಆದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಕರೆ ಅಪಾಯದ್ದು, ಕರೆಸಿಕೊಂಡವನಿಗೂ ಅಪಾಯದ್ದು. ದುಡಿಯುತ್ತಲೇ ಓದಬೇಕೆನ್ನುವವರಿಗಾಗಿ ಬೆಂಗಳೂರಿನ ಟಾಫ್ಟೀಯಂಥ ಸಂಸ್ಥೆಗಳು ದಶಕಗಳಿಂದ ಮನೆಗೇ ಪಾಠ ಕಳಿಸಿ, ವಾರಕ್ಕೊಮ್ಮೆ ಗುಂಪಿನಲ್ಲಿ ಚರ್ಚೆ ಮಾಡಿಸುತ್ತಿವೆ. ಗುಂಪು ಎಂಬುದೇ ಅದರ ಸತ್ವ.

ನಡುವೆ ಎದ್ದು ಬಂದವರು

ಕೊನೆಗೆ, ಯಾರೂ ಬರೆಯದವರ ಬಗ್ಗೆ ಬರೆಯಬೇಕು. ಗುರುಮಠಕ್ಕೆ ಹೋಗಿ ಮೂರನೆಯ ವರ್ಷ ಮರಳಿದ ಹುಡುಗ. ಬಿಡಿ ನಡುವೆ ಬಿಟ್ಟ ಹುಡುಗಿ. ಕಳಿಸುವಾಗ ಊರೆಲ್ಲ ಹಾರ ಹಾಕಿ ಫೋಟೊ ತೆಗೆಸಿಕೊಂಡಿರುತ್ತದೆ. ಮರಳಿದ ಮೇಲೆ ಅದೇ ಊರು ಪಿಸುಗುಡುತ್ತದೆ: ಏನೋ ಆಗಿರಬೇಕು. ಅಪ್ಪ ತಲೆ ತಗ್ಗಿಸುತ್ತಾರೆ. ಹರಕೆ ಹೊತ್ತ ಅಜ್ಜಿಗೆ ಮುಖ ತೋರಿಸಲಾಗದೆ ಹುಡುಗ ಬೇರೆ ಊರಲ್ಲಿ ಕೆಲಸ ಹುಡುಕುತ್ತಾನೆ, ಚರ್ಚಿನ ಹೊಸ್ತಿಲನ್ನೂ ಬಿಡುತ್ತಾನೆ.

ಇದು ದೊಡ್ಡ ಅನ್ಯಾಯ. ತರಬೇತಿ ಇರುವುದೇ ಕರೆಯನ್ನು ಅರಿಯಲು. ಅರಿತ ಮೇಲೆ ಇಲ್ಲ ಎನ್ನುವ ಉತ್ತರ ಬಂದರೆ ತರಬೇತಿ ಸೋತಂತಲ್ಲ, ತನ್ನ ಕೆಲಸವನ್ನು ಪೂರ್ತಿ ಮಾಡಿದಂತೆ. ಒಳಗೇ ಉಳಿದು, ಒಲ್ಲದ ಮನಸ್ಸಿನಿಂದ ದೀಕ್ಷೆ ಪಡೆದು, ಕಹಿಯಾಗಿ ಬದುಕು ಕಳೆಯುವವರು ತಮ್ಮನ್ನೂ ಸಭೆಯನ್ನೂ ನೋಯಿಸುತ್ತಾರೆ. ಎದ್ದು ಬರುವುದಕ್ಕೆ ಹೋಗುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ಬಾಸೆಲ್ ಮಿಶನ್ನಿನ ಮನೆತನಗಳಲ್ಲೇ ಇದಕ್ಕೆ ಒಂದು ಹೆಸರಾಂತ ಉದಾಹರಣೆ ಇದೆ. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ಸೇವೆ ಮಾಡಿದ ಮಿಶನರಿ. ಅವರ ಅಳಿಯ ಯೊಹಾನೆಸ್ ಹೆಸ್ಸೆಯೂ ಮಿಶನರಿಯಾಗಿ ನಮ್ಮ ಕರಾವಳಿಗೆ ಬಂದಿದ್ದವರು. ಆ ಮನೆಯ ಹುಡುಗ ಹರ್ಮನ್ ಹೆಸ್ಸೆ ದೇವಶಾಸ್ತ್ರ ಓದಿ ಪಾದ್ರಿಯಾಗಲೆಂದು ಮನೆಯವರು ಮೌಲ್‌ಬ್ರಾನ್ ಮಠದ ಶಾಲೆಗೆ ಸೇರಿಸಿದರು. 1892ರ ಮಾರ್ಚಿನಲ್ಲಿ, 14ನೆಯ ವಯಸ್ಸಿನಲ್ಲಿ, ಅವನು ಅಲ್ಲಿಂದ ಓಡಿಹೋದ. ತಂದೆತಾಯಿ ಕಂಗಾಲಾದರು. ಹುಡುಗ ನಡುಗುತ್ತ ತಾತನ ಕೋಣೆಗೆ ಹೋದಾಗ ಗುಂಡರ್ಟ್ ಬೈಯಲಿಲ್ಲ. ಪ್ರತಿಭಾವಂತರು ಕೈಗೊಳ್ಳುವ ಒಂದು ಪುಟ್ಟ ಪ್ರವಾಸಕ್ಕೆ ಹೋಗಿಬಂದೆಯಂತೆ ಎಂದು ನಗುತ್ತ ಮಾತಾಡಿಸಿದರೆಂದು ಹೆಸ್ಸೆ ಮುಂದೆ ನೆನೆಸಿಕೊಂಡಿದ್ದಾನೆ. ಜಗತ್ತಿಗೆ ‘ಸಿದ್ಧಾರ್ಥ’ ಬರೆದುಕೊಟ್ಟವನು ಆ ಹುಡುಗ.

ಮರಳಿ ಬಂದವರೆಲ್ಲ ಹೆಸ್ಸೆಯಾಗಬೇಕಿಲ್ಲ. ಗುರುಮಠದಲ್ಲಿ ಕೆಲವು ವರ್ಷ ಕಳೆದು ಬಂದವರಲ್ಲಿ ಒಳ್ಳೆಯ ಮೇಷ್ಟ್ರುಗಳು, ವಕೀಲರು, ಪತ್ರಕರ್ತರು ಇರುವುದನ್ನು ನಾನು ಬಲ್ಲೆ. ಶಿಸ್ತು, ಓದು, ನೋವಿನ ಎದುರು ಕೂರುವ ತಾಳ್ಮೆ ಅವರ ಜೊತೆಗೇ ಬಂದಿರುತ್ತವೆ. ಅವರನ್ನು ಕಳಿಸಿಕೊಟ್ಟ ಸಭೆಗೆ ಮಾಡಬೇಕಾದ ಕೆಲಸ ಇನ್ನೂ ಉಳಿದಿದೆ. ಹುಡುಗ ಮರಳಿ ಬಂದ ವಾರವೇ ಅಯ್ಯನವರು ಅವನ ಮನೆಗೆ ಹೋಗಿ ಟೀ ಕುಡಿದು ಬರಲಿ. ಮುಂದಿನ ಭಾನುವಾರದ ವಾಚನಕ್ಕೆ ಅವನ ಹೆಸರು ಹಾಕಲಿ. ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ತರಗತಿಗೆ ಮೇಷ್ಟ್ರು ಇಲ್ಲವೆಂದು ಎಷ್ಟೋ ತಿಂಗಳಿಂದ ಗೊಣಗುತ್ತಿರುವ ಕಮಿಟಿ, ಆ ತರಗತಿಯನ್ನು ಅವನಿಗೆ ಕೊಡಲಿ.